ಖಾರಘರ್, ಉಲ್ವೆ ಎರಡೂ ‘ನವಿ ಮುಂಬಯಿ’ಯೇ ಆದರೂ ಪಾಲಿಕೆ ಒಂದೇ ಅಲ್ಲ

ಖಾರಘರ್‌ನ ಫ್ಲ್ಯಾಟು, ಉಲ್ವೆಯ ಫ್ಲ್ಯಾಟು ಎರಡರ ವಿಳಾಸದಲ್ಲೂ ನವಿ ಮುಂಬಯಿ ಎಂದೇ ಇದೆ, ಹಾಗಾಗಿ ಪಾಲಿಕೆಯ ತೆರಿಗೆ, ಸೌಲಭ್ಯಗಳು ಎರಡು ಕಡೆಯೂ ಒಂದೇ ಇರಬೇಕು, ಪಿನ್‌ಕೋಡ್ ಹಾಕಿ ನೋಡಿದರೆ ಇದು ಖಚಿತವಾಗುತ್ತದೆಯೇ, ಹಾಗಾದರೆ ಎರಡರಲ್ಲಿ ಅಗ್ಗದ್ದನ್ನೇ ಕೊಳ್ಳಬಹುದೇ ಎಂದು ಕೇಳಿದ್ದೀರಿ. ಇದೇ ನಂಬಿಕೆಯ ಮೇಲೆ ನಾವು 2019ರಲ್ಲಿ ಖಾರಘರ್‌ನಲ್ಲಿ ಮನೆ ಕೊಂಡೆವು. ಆ ನಂಬಿಕೆ ನಮ್ಮ ಮನಸ್ಸಿನಲ್ಲಷ್ಟೇ ಉಳಿಯದೆ ಖರೀದಿ ಕರಾರಿನೊಳಗೂ ಅಕ್ಷರರೂಪದಲ್ಲಿ ಸೇರಿಕೊಂಡಿತು. ಹೀಗಾಗಿ ಮನೆ ಮಾರಿದವರು ಕಟ್ಟಬೇಕಾಗಿದ್ದ ತೆರಿಗೆಯನ್ನು ನಾವು ದಂಡ ಸಮೇತ ಕಟ್ಟಬೇಕಾಯಿತು.

ಅದಕ್ಕೆ ಮೊದಲು ನಾವು ನೆರೂಳ್‌ನಲ್ಲಿ ಬಾಡಿಗೆಗಿದ್ದೆವು. ನೆರೂಳ್ ನವಿ ಮುಂಬಯಿ ಮಹಾನಗರಪಾಲಿಕೆಗೆ ಸೇರಿದ್ದು. ಕಸದ ಗಾಡಿಯ ಮೇಲೆ, ಉದ್ಯಾನದ ಫಲಕದ ಮೇಲೆ, ನೀರಿನ ಬಿಲ್ಲಿನ ಮೇಲೆ ಎಲ್ಲೆಲ್ಲೂ ಅದೇ ಹೆಸರನ್ನು ನೋಡಿ ಅಭ್ಯಾಸವಾಗಿತ್ತು. ಹಾರ್ಬರ್ ರೈಲು ಮಾರ್ಗದಲ್ಲಿ ಬೇಲಾಪುರ ದಾಟಿದರೆ ಮುಂದಿನ ನಿಲ್ದಾಣವೇ ಖಾರಘರ್. ಅಲ್ಲಿಯೂ ನವಿ ಮುಂಬಯಿಯನ್ನು ಯೋಜಿಸಿ ಕಟ್ಟಿದ ಸರ್ಕಾರಿ ಸಂಸ್ಥೆ ಸಿಡ್ಕೊ ಹಾಕಿದ ಸೆಕ್ಟರ್ ಸಂಖ್ಯೆಗಳು, ಅಲ್ಲಿಯೂ ಅದೇ ಸಯನ್–ಪನವೇಲ್ ಹೆದ್ದಾರಿ, ಅಲ್ಲಿಯೂ ನವಿ ಮುಂಬಯಿ ಪೊಲೀಸರು. ಮಾರುವವರು ಮಂಗಳೂರಿನ ಕಡೆಯವರು, ನಮ್ಮ ಪರಿಚಯದವರ ಮೂಲಕವೇ ಸಿಕ್ಕವರು. ಮನೆಯಲ್ಲಿ ಕೂರಿಸಿ ಕನ್ನಡದಲ್ಲೇ ಮಾತಾಡಿ ವ್ಯವಹಾರ ಮುಗಿಸಿದರು. ಒಂದು ನಿಲ್ದಾಣದ ಅಂತರದಲ್ಲಿ ಜಿಲ್ಲೆಯೂ ಪಾಲಿಕೆಯೂ ಬದಲಾಗುತ್ತವೆ ಎಂಬ ವಿಚಾರ ಆ ಮಾತುಕತೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಆಗಿದ್ದಿಷ್ಟು. ಏಜೆಂಟರು ಕರಾರಿನ ಕರಡನ್ನು ಹಿಂದಿನ ಯಾವುದೋ ವ್ಯವಹಾರದ ಪ್ರತಿಯ ಮೇಲೆ ಹೆಸರು, ಮೊತ್ತ ಬದಲಿಸಿ ಸಿದ್ಧಪಡಿಸಿದ್ದರು. ಅದರಲ್ಲಿ ಒಂದು ಷರತ್ತು ಹೀಗಿತ್ತು: ಮನೆಯ ಸ್ವಾಧೀನ ಕೊಡುವ ದಿನದವರೆಗೆ ನವಿ ಮುಂಬಯಿ ಮಹಾನಗರಪಾಲಿಕೆಗೆ ಸಲ್ಲಬೇಕಾದ ಎಲ್ಲ ತೆರಿಗೆಗಳನ್ನೂ ಮಾರುವವರೇ ಭರಿಸತಕ್ಕದ್ದು. ನಾನು ಇದನ್ನು ಓದಿದೆ, ಸರಿಯಾಗಿದೆ ಎಂದೇ ಒಪ್ಪಿದೆ. ಓದಿದ್ದಷ್ಟೇ ಅಲ್ಲ, ನವಿ ಮುಂಬಯಿ ಪಾಲಿಕೆಯ ಜಾಲತಾಣದಲ್ಲಿ ಆ ಮನೆಯ ಮೇಲೆ ಬಾಕಿ ಏನಾದರೂ ಇದೆಯೇ ಎಂದು ಹುಡುಕಿಯೂ ನೋಡಿದೆ. ಆ ಹೆಸರಿನಲ್ಲಿ ಯಾವ ದಾಖಲೆಯೂ ಸಿಗಲಿಲ್ಲ. ದಾಖಲೆ ಇಲ್ಲ ಎಂದರೆ ಬಾಕಿ ಇಲ್ಲ ಎಂದು ತಿಳಿದದ್ದೇ ತಪ್ಪಿನ ತಿರುಳು. ದಾಖಲೆ ಇರಲಿಲ್ಲ, ಏಕೆಂದರೆ ಆ ಮನೆ ಆ ಪಾಲಿಕೆಯದ್ದೇ ಆಗಿರಲಿಲ್ಲ. ಸಿಡ್ಕೊಗೆ ಕೊಡಬೇಕಾದ ಸೇವಾ ಶುಲ್ಕ ಬಾಕಿ ಇಲ್ಲವೆಂಬ ಪತ್ರ, ಸೊಸೈಟಿಯಿಂದ ಬಾಕಿ ಇಲ್ಲವೆಂಬ ಪತ್ರ ಎರಡೂ ಕೈಯಲ್ಲಿದ್ದವು; ಮೂರನೆಯದಾಗಿ ಕೇಳಬೇಕಾದವರು ಯಾರೆಂಬುದೇ ನಮಗೆ ಗೊತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ನಿಮ್ಮ ಕರಾರಿನಲ್ಲೂ ಅದು ಇದ್ದೇ ಇರುತ್ತದೆ. ಅದೇ ಕರಾರಿನ ಕೊನೆಯ ಪುಟದಲ್ಲಿ, ಆಸ್ತಿಯ ವಿವರಣೆ ಬರುವ ಪರಿಶಿಷ್ಟದಲ್ಲಿ, ‘ಮೌಜೆ ಖಾರಘರ್, ತಾಲೂಕು ಪನವೇಲ್, ಜಿಲ್ಲೆ ರಾಯಗಡ’ ಎಂದು (ಮೌಜೆ ಎಂದರೆ ಗ್ರಾಮ) ಸ್ಪಷ್ಟವಾಗಿ ಬರೆದಿತ್ತು. ನೋಂದಣಿಗೆ ನಾವು ಹೋಗಿದ್ದೂ ಪನವೇಲ್‌ನ ಸಬ್‌ರಿಜಿಸ್ಟ್ರಾರ್ ಕಚೇರಿಗೆ. ನವಿ ಮುಂಬಯಿ ಮಹಾನಗರಪಾಲಿಕೆ ಇರುವುದು ಠಾಣೆ ಜಿಲ್ಲೆಯಲ್ಲಿ. ಒಂದೇ ದಸ್ತಾವೇಜಿನ ನಡುವಿನ ಷರತ್ತು ಠಾಣೆ ಜಿಲ್ಲೆಯ ಪಾಲಿಕೆಯನ್ನು ಹೆಸರಿಸುತ್ತಿತ್ತು, ಕೊನೆಯ ಪುಟ ರಾಯಗಡ ಜಿಲ್ಲೆಯ ಆಸ್ತಿಯನ್ನು ಹೇಳುತ್ತಿತ್ತು. ಎರಡಕ್ಕೂ ಸಾಕ್ಷಿಗಳ ಎದುರು ನಾವು ಸಹಿ ಮಾಡಿದೆವು. ಪರಿಶಿಷ್ಟವನ್ನು ಎಲ್ಲರೂ ಫ್ಲ್ಯಾಟಿನ ಸಂಖ್ಯೆ, ಚದರಡಿ ಸರಿಯಿದೆಯೇ ಎಂದು ನೋಡಲು ಮಾತ್ರ ತೆರೆಯುತ್ತಾರೆ. ತಾಲೂಕು, ಜಿಲ್ಲೆಯ ಸಾಲನ್ನು ಅಂಚೆಯ ವಿಳಾಸದೊಂದಿಗೆ ಹೋಲಿಸಿ ನೋಡುವವರು ಅಪರೂಪ.

ಪನವೇಲ್ ಮಹಾನಗರಪಾಲಿಕೆ ಅಸ್ತಿತ್ವಕ್ಕೆ ಬಂದದ್ದು 2016ರ ಅಕ್ಟೋಬರ್ 1ರಂದು. ಹಳೆಯ ಪನವೇಲ್ ನಗರ ಪರಿಷತ್ತಿನ ಜೊತೆಗೆ ಖಾರಘರ್, ಕಾಮೋಠೆ, ಕಳಂಬೋಲಿ, ನ್ಯೂ ಪನವೇಲ್, ತಳೋಜ ಮೊದಲಾದ ಪ್ರದೇಶಗಳು ಅದರಲ್ಲಿ ಸೇರಿದವು. ಆದರೆ ಸಿಡ್ಕೊ ಕಟ್ಟಿದ ಈ ಬಡಾವಣೆಗಳಿಗೆ ಆಸ್ತಿ ತೆರಿಗೆಯ ಬಿಲ್ಲುಗಳು ಬಂದದ್ದು 2021ರಲ್ಲಿ, ಅದೂ 2016ರ ಅಕ್ಟೋಬರ್‌ನಿಂದ ಲೆಕ್ಕ ಹಾಕಿ. ಅಷ್ಟು ವರ್ಷ ಸಿಡ್ಕೊಗೆ ಸೇವಾ ಶುಲ್ಕ ಕಟ್ಟಿದ್ದ ನಿವಾಸಿಗಳು ಇದನ್ನು ವಿರೋಧಿಸಿದರು, ಬಾಂಬೆ ಹೈಕೋರ್ಟಿನವರೆಗೂ ಹೋದರು. ಆ ವಾದದ ಸರಿತಪ್ಪುಗಳನ್ನು ನಾನಿಲ್ಲಿ ಚರ್ಚಿಸುವುದಿಲ್ಲ. ನಮ್ಮ ಕಷ್ಟ ಬೇರೆಯದಾಗಿತ್ತು. ಬಿಲ್ಲಿನ ಮೊದಲ ಭಾಗ ನಾವು ಮನೆ ಕೊಳ್ಳುವುದಕ್ಕೆ ಮುಂಚಿನ ಅವಧಿಯದು. ಅದನ್ನು ಮಾರಿದವರು ಕೊಡಬೇಕೆಂಬುದೇ ಕರಾರಿನ ಆಶಯ ಎಂದು ನಾವು ಅವರ ಬಳಿ ಹೋದರೆ, ಅವರು ಕರಾರಿನ ಆ ಷರತ್ತನ್ನೇ ತೋರಿಸಿದರು: ತಾವು ಒಪ್ಪಿದ್ದು ನವಿ ಮುಂಬಯಿ ಪಾಲಿಕೆಯ ತೆರಿಗೆಗೆ, ಆ ಪಾಲಿಕೆಗೆ ತಾವು ಒಂದು ಪೈಸೆಯೂ ಬಾಕಿ ಇಲ್ಲ. ವಕೀಲರನ್ನು ಕೇಳಿದೆವು. ಉದ್ದೇಶ ಏನಿತ್ತೆಂದು ವಾದಿಸಬಹುದು, ಆದರೆ ಆ ವ್ಯಾಜ್ಯದ ಖರ್ಚು ತೆರಿಗೆಯ ಮೊತ್ತವನ್ನು ನುಂಗಿಬಿಡುತ್ತದೆ ಎಂದರು ಅವರು. ಆಸ್ತಿ ತೆರಿಗೆ ಆಸ್ತಿಯ ಮೇಲಿನ ಋಣ. ಒಡೆಯರು ಬದಲಾದರೂ ಅದು ಮನೆಯನ್ನು ಬಿಡುವುದಿಲ್ಲ, ಬಾಕಿ ಉಳಿದರೆ ತಿಂಗಳಿಗೆ ಶೇಕಡ 2ರಂತೆ ‘ಶಾಸ್ತಿ’, ಅಂದರೆ ದಂಡ, ಬೆಳೆಯುತ್ತಾ ಹೋಗುತ್ತದೆ. ಮಾರಿದವರೊಡನೆ ವಾದಿಸುತ್ತಾ ನಾವು ಕಳೆದ ತಿಂಗಳುಗಳಲ್ಲೂ ಅದು ಬೆಳೆಯಿತು. ಕೊನೆಗೆ ಎಲ್ಲವನ್ನೂ ನಾವೇ ಕಟ್ಟಿದೆವು. ಪಾಲಿಕೆಯ ಹೆಸರನ್ನೇ ಬರೆಯದೆ ‘ಸಂಬಂಧಪಟ್ಟ ಸ್ಥಳೀಯ ಸಂಸ್ಥೆ’ ಎಂದು ಬರೆದಿದ್ದರೂ ಆ ಹಣ ಉಳಿಯುತ್ತಿತ್ತು.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಪಿನ್‌ಕೋಡ್ ಹಾಕಿ ನೋಡಿದರೆ ಪಾಲಿಕೆ ಯಾವುದೆಂದು ಖಚಿತವಾಗುವುದಿಲ್ಲ. ಆ ಸಂಖ್ಯೆಯನ್ನು ಈ ಕೆಲಸಕ್ಕೆ ಬಳಸಲೇಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ. 1972ರ ಆಗಸ್ಟ್ 15ರಂದು ಅಂಚೆ ಇಲಾಖೆ ಈ ಆರಂಕಿಯ ಸಂಖ್ಯೆಯನ್ನು ಜಾರಿಗೆ ತಂದದ್ದು ಕಾಗದಗಳನ್ನು ಬೇಗ ವಿಂಗಡಿಸುವುದಕ್ಕಾಗಿ. ಒಂದೇ ಹೆಸರಿನ ಊರುಗಳು ಹಲವಿರುತ್ತವೆ, ವಿಳಾಸವನ್ನು ಬೇರೆ ಬೇರೆ ಭಾಷೆಗಳಲ್ಲಿ ಬರೆದಿರುತ್ತಾರೆ. ಇವು ಅಂದಿನ ತೊಡಕುಗಳು. ಮೊದಲ ಮೂರು ಅಂಕಿಗಳು ಕಾಗದವನ್ನು ವಿಂಗಡಣೆಯ ಪ್ರದೇಶಕ್ಕೆ ತಲುಪಿಸುತ್ತವೆ, ಕೊನೆಯ ಮೂರು ಅದನ್ನು ಬಟವಾಡೆ ಮಾಡುವ ಅಂಚೆ ಕಚೇರಿಗೆ ತಲುಪಿಸುತ್ತವೆ. ಅಂಚೆಯಣ್ಣನ ಬೀದಿಗಳಿಗೂ ತೆರಿಗೆ ವಸೂಲಿಯ ಗಡಿಗೂ ಹೊಂದಾಣಿಕೆ ಇರಬೇಕೆಂದು ಯಾವ ನಿಯಮವೂ ಇಲ್ಲ.

ನಮ್ಮ ಸುತ್ತಲಿನ ಸಂಖ್ಯೆಗಳನ್ನೇ ನೋಡಿ. 400 ಎಂದರೆ ಮುಂಬಯಿ ಎಂದು ಜನ ಹೇಳುತ್ತಾರೆ, ಆದರೆ ಠಾಣೆ ನಗರದ್ದು 400601ರಿಂದ ಶುರುವಾಗುತ್ತದೆ, ವಾಶಿಯದು 400703. ಎರಡೂ ಬೃಹನ್ಮುಂಬಯಿ ಪಾಲಿಕೆಯ ಹೊರಗಿವೆ. ಬೇಲಾಪುರ 400614, ಅದರ ಪಕ್ಕದ ಖಾರಘರ್ 410210. ಹಾಗಾದರೆ 410 ಎಂದರೆ ರಾಯಗಡ ಜಿಲ್ಲೆಯೇ ಎಂದರೆ ಅದೂ ಅಲ್ಲ: ಲೋಣಾವಳದ 410401 ಮತ್ತು ಚಾಕಣ್‌ನ 410501 ಪುಣೆ ಜಿಲ್ಲೆಯವು. ನಿಮಗೆ ನೇರವಾಗಿ ಬೇಕಾದ ಉದಾಹರಣೆ 410206. ಇದು ಪನವೇಲ್ ಪೇಟೆಯ ಪಿನ್, ಉಲ್ವೆಗೂ ಇದೇ ಪಿನ್. ಪನವೇಲ್ ಪೇಟೆ ಪನವೇಲ್ ಮಹಾನಗರಪಾಲಿಕೆಯ ಹೃದಯಭಾಗ. ಉಲ್ವೆ ಮಾತ್ರ 2016ರಲ್ಲಿ ಆ ಪಾಲಿಕೆ ರಚನೆಯಾದಾಗ ಅದರೊಳಗೆ ಸೇರಲಿಲ್ಲ. ಅಂದರೆ ಒಂದೇ ಸಂಖ್ಯೆ ಗಡಿಯ ಎರಡು ಬದಿಗೂ ಹರಡಿಕೊಂಡಿದೆ. ಆ ಸಂಖ್ಯೆ ಹಾಕಿ ಯಾವ ಜಾಲತಾಣದಲ್ಲಿ ಹುಡುಕಿದರೂ ಈ ಗಡಿ ನಿಮಗೆ ಕಾಣಿಸುವುದಿಲ್ಲ.

‘ನವಿ ಮುಂಬಯಿ’ ಎಂಬ ಹೆಸರಿಗೆ ಒಂದೇ ಎಲ್ಲೆ ಇದೆ ಎಂದುಕೊಳ್ಳುವುದರಿಂದಲೇ ಈ ಗೊಂದಲವೆಲ್ಲ ಹುಟ್ಟುತ್ತದೆ. 1970ರಲ್ಲಿ ಸ್ಥಾಪನೆಯಾದ ಸಿಡ್ಕೊಗೆ ನವಿ ಮುಂಬಯಿ ಎಂದರೆ ಠಾಣೆ, ರಾಯಗಡ ಎರಡೂ ಜಿಲ್ಲೆಗಳ ಹಳ್ಳಿಗಳನ್ನು ಒಳಗೊಂಡ ಯೋಜನಾ ಪ್ರದೇಶ. ಆ ಅರ್ಥದಲ್ಲಿ ಖಾರಘರ್, ಉಲ್ವೆ ಎರಡೂ ನವಿ ಮುಂಬಯಿಯೇ, ನಿಮ್ಮ ಬಿಲ್ಡರು ಸುಳ್ಳು ಹೇಳುತ್ತಿಲ್ಲ. 1992ರ ಜನವರಿ 1ರಂದು ಹುಟ್ಟಿದ ನವಿ ಮುಂಬಯಿ ಮಹಾನಗರಪಾಲಿಕೆ ಆ ಪ್ರದೇಶದ ಠಾಣೆ ಜಿಲ್ಲೆಯ ಭಾಗಕ್ಕೆ ಸಂಬಂಧಿಸಿದ್ದು. ಪೊಲೀಸ್ ಆಯುಕ್ತಾಲಯದ ಎಲ್ಲೆಯಲ್ಲಿ ಪನವೇಲ್, ಉರಣ್ ಕೂಡ ಬರುತ್ತವೆ, ಆದ್ದರಿಂದ ಪಾಸ್‌ಪೋರ್ಟಿನ ಪರಿಶೀಲನೆಗೆ ಬರುವವರು ನವಿ ಮುಂಬಯಿ ಪೊಲೀಸರೇ. ವಾಹನ ನೋಂದಣಿಯಲ್ಲಿ ನೆರೂಳ್‌ನವರಿಗೆ ಎಂಎಚ್ 43, ನಮಗೆ ಪನವೇಲ್‌ನ ಎಂಎಚ್ 46. ಮತದಾನಕ್ಕೆ ಬೇಲಾಪುರದವರು ಠಾಣೆ ಲೋಕಸಭಾ ಕ್ಷೇತ್ರಕ್ಕೆ ಸೇರಿದರೆ, ಪನವೇಲ್ ಮತ್ತು ಉರಣ್ ವಿಧಾನಸಭಾ ಕ್ಷೇತ್ರಗಳು ಘಟ್ಟದ ಮೇಲಿನ ಪಿಂಪ್ರಿ, ಚಿಂಚವಡ್‌ಗಳ ಜೊತೆ ಮಾವಳ ಲೋಕಸಭಾ ಕ್ಷೇತ್ರದಲ್ಲಿವೆ. ಪ್ರತಿಯೊಂದು ಇಲಾಖೆಯೂ ತನ್ನ ಕೆಲಸಕ್ಕೆ ಬೇಕಾದಂತೆ ಗೆರೆ ಎಳೆದುಕೊಂಡಿದೆ. ಒಂದು ಇಲಾಖೆಯ ಗೆರೆಯನ್ನು ನೋಡಿ ಇನ್ನೊಂದರದ್ದನ್ನು ಊಹಿಸಲು ಹೋಗಬೇಡಿ.

ಆದ್ದರಿಂದ, ವಿಳಾಸ ಒಂದೇ ಇರುವುದರಿಂದ ಅಗ್ಗದ್ದನ್ನು ಕೊಳ್ಳಬಹುದೇ ಎಂಬ ನಿಮ್ಮ ಲೆಕ್ಕಾಚಾರವನ್ನು ನಾನು ಒಪ್ಪುವುದಿಲ್ಲ. ಉಲ್ವೆ ಕೆಟ್ಟದ್ದು, ಖಾರಘರ್ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಅವೆರಡು ಬೇರೆ ಬೇರೆ ಆಡಳಿತದ ಊರುಗಳು, ಬೆಲೆಯ ಅಂತರದಲ್ಲಿ ಅದೂ ಸೇರಿದೆ. ಏಜೆಂಟರನ್ನು ಕೇಳಬೇಡಿ, ಮೊಬೈಲಿನ ನಕ್ಷೆಯಲ್ಲಿ ಕಾಣುವ ಚುಕ್ಕೆಗೆರೆಯನ್ನೂ ನಂಬಬೇಡಿ. ಮಾರುವವರಿಂದ ಹಿಂದಿನ ಖರೀದಿಯ ಇಂಡೆಕ್ಸ್ ಟೂ, ಅಂದರೆ ನೋಂದಣಿ ಕಚೇರಿ ಕೊಡುವ ದಸ್ತಾವೇಜಿನ ಸಾರಾಂಶ, ಪಡೆಯಿರಿ. ಅದರಲ್ಲಿ ಗ್ರಾಮದ ಹೆಸರಿರುತ್ತದೆ, ಆಸ್ತಿಯ ವಿವರದ ಆರಂಭದಲ್ಲಿ ಮರಾಠಿಯಲ್ಲಿ ‘ಪಾಲಿಕೇಚೆ ನಾವ್’, ಅಂದರೆ ಪಾಲಿಕೆಯ ಹೆಸರು, ಎಂಬ ಸಾಲಿರುತ್ತದೆ. ಪಾಲಿಕೆ ರಚನೆಯಾಗುವ ಮೊದಲಿನ ದಸ್ತಾವೇಜಾದರೆ ಆ ಸಾಲು ಹಳೆಯದಾಗಿರುತ್ತದೆ, ಗ್ರಾಮದ ಹೆಸರು ಮಾತ್ರ ಬದಲಾಗಿರುವುದಿಲ್ಲ. ಆ ಗ್ರಾಮದ ಹೆಸರನ್ನು ಹಿಡಿದುಕೊಂಡು ಪಾಲಿಕೆಯ ವಾರ್ಡು ಕಚೇರಿಗೆ, ಪಾಲಿಕೆ ಇಲ್ಲದಿದ್ದರೆ ಗ್ರಾಮ ಪಂಚಾಯತಿಗೆ ಹೋಗಿ, ಕಳೆದ ತೆರಿಗೆಯ ರಶೀದಿ ಯಾರ ಹೆಸರಿನಲ್ಲಿ, ಯಾವ ಅವಧಿಯವರೆಗೆ ಇದೆ ಎಂದು ಕೇಳಿ. ರಶೀದಿಯೇ ಇಲ್ಲ, ಇಲ್ಲಿ ಇನ್ನೂ ತೆರಿಗೆ ಬಂದಿಲ್ಲ ಎಂದು ಯಾರಾದರೂ ಹೇಳಿದರೆ ಸಮಾಧಾನಪಡಬೇಡಿ. ನಮಗೆ ಹೇಳಿದ್ದೂ ಅದನ್ನೇ.

ಒಂದು ಕಡೆಯ ಗಡಿ ಇಂದು ಹೀಗಿದೆ ಎಂದು ನಾಳೆಯೂ ಹಾಗೇ ಇರಬೇಕಿಲ್ಲ. ಪುಣೆಯ ಬಳಿಯ ಫುರಸುಂಗಿ, ಉರುಳಿ ದೇವಾಚಿ ಎರಡೂ 2017ರಲ್ಲಿ ಪುಣೆ ಮಹಾನಗರಪಾಲಿಕೆಗೆ ಸೇರಿ, 2024ರಲ್ಲಿ ಅದರಿಂದ ಹೊರಬಂದು ಪ್ರತ್ಯೇಕ ನಗರ ಪರಿಷತ್ತಾದವು. ಈ ಅವಧಿಯಲ್ಲಿ ಅಲ್ಲಿನ ಜನ ಕಾಗದದ ಮೇಲೆ ಬರೆಯುವ ‘ಪುಣೆ’ ಎಂಬ ಮಾತು ಬದಲಾಗಲಿಲ್ಲ, ತೆರಿಗೆ ಕಟ್ಟುವ ಕಿಟಕಿ ಮಾತ್ರ ಬದಲಾಯಿತು.

ಇದೇ ಗೊಂದಲ ಜನನ, ಮರಣ ಪ್ರಮಾಣಪತ್ರಗಳಲ್ಲೂ ಬರುತ್ತದೆ, ನಮ್ಮವರು ಎಷ್ಟೋ ಮಂದಿ ಅಲೆದಾಡಿದ್ದನ್ನು ಕಂಡಿದ್ದೇನೆ. 1969ರ ಕಾಯ್ದೆಯ ಪ್ರಕಾರ ನೋಂದಣಿ ಆಗುವುದು ಘಟನೆ ನಡೆದ ಸ್ಥಳದಲ್ಲಿ. ಖಾರಘರ್‌ನಲ್ಲಿ ಮನೆಯಿದ್ದು ನೆರೂಳ್‌ನ ಆಸ್ಪತ್ರೆಯಲ್ಲಿ ಮಗು ಹುಟ್ಟಿದರೆ ಪ್ರಮಾಣಪತ್ರ ನವಿ ಮುಂಬಯಿ ಪಾಲಿಕೆಯದು. ಪನವೇಲ್ ಕಚೇರಿಯಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ. 21 ದಿನಗಳೊಳಗೆ ಆಸ್ಪತ್ರೆಯಿಂದ ವರದಿ ಸರಿಯಾದ ಕಚೇರಿಗೆ ಹೋಗಿದೆಯೇ ಎಂದು ಮಾತ್ರ ವಿಚಾರಿಸಿಕೊಳ್ಳಿ.

ಖಾರಘರ್ ಆಗಲಿ, ಉಲ್ವೆಯಾಗಲಿ, ಕರಾರಿನ ಕರಡು ಬಂದಾಗ ತೆರಿಗೆಯ ಷರತ್ತನ್ನು ನಿಮ್ಮ ವಕೀಲರಿಂದ ಈ ಅರ್ಥ ಬರುವಂತೆ ಬರೆಸಿ: ಆಸ್ತಿಯು ಈಗ ಯಾವ ಸ್ಥಳೀಯ ಸಂಸ್ಥೆಯ ವ್ಯಾಪ್ತಿಯಲ್ಲಿದ್ದರೂ, ಮುಂದೆ ಯಾವುದರ ವ್ಯಾಪ್ತಿಗೆ ಬಂದರೂ, ಸ್ವಾಧೀನ ಕೊಟ್ಟ ದಿನದವರೆಗಿನ ಅವಧಿಯ ತೆರಿಗೆ, ಶುಲ್ಕ ಮತ್ತು ದಂಡಗಳನ್ನು, ಅವುಗಳ ಬಿಲ್ಲು ಆ ದಿನದ ನಂತರ ಬಂದರೂ, ಮಾರುವವರೇ ಭರಿಸತಕ್ಕದ್ದು. ಮಾರುವವರು ಇದಕ್ಕೆ ಒಪ್ಪದಿದ್ದರೆ ಆ ಅವಧಿಯ ತೆರಿಗೆಯನ್ನು ಅಂದಾಜು ಮಾಡಿಸಿ, ಅಷ್ಟು ಮೊತ್ತವನ್ನು ಬೆಲೆಯಲ್ಲೇ ಕಡಿಮೆ ಮಾಡಿಸಿಕೊಂಡು ಆಮೇಲೆ ಸಹಿ ಮಾಡಿ.