ಬಾವಲಿಗಿಂತ ದೊಡ್ಡ ಪತಂಗ ಇರುತ್ತದಾ?

ಇರುತ್ತದೆ. ಯಾವ ಬಾವಲಿ, ಯಾವ ಪತಂಗ ಅನ್ನೋದು ಮುಖ್ಯ, ಅಷ್ಟೇ.

ಥಾಯ್ಲೆಂಡ್ ಮತ್ತು ಮ್ಯಾನ್ಮಾರ್‌ನ ಸುಣ್ಣಕಲ್ಲಿನ ಗುಹೆಗಳಲ್ಲಿರುವ ಕಿಟ್ಟಿ ಬಾವಲಿಯನ್ನೇ ತಗೊಳ್ಳಿ. ಮೈ ಉದ್ದ ಸುಮಾರು 3 ಸೆಂ.ಮೀ., ತೂಕ ಬರೀ 2 ಗ್ರಾಂ. ರೆಕ್ಕೆ ಪೂರ್ತಿ ಬಿಚ್ಚಿದರೂ 17 ಸೆಂ.ಮೀ. ಆಸುಪಾಸು. ಅಟ್ಲಾಸ್ ಪತಂಗದ ರೆಕ್ಕೆಯಗಲ 24 ಸೆಂ.ಮೀ. ಮುಟ್ಟುತ್ತದೆ!

ಆದರೆ ಎರಡೂ ರೆಕ್ಕೆಗಳ ಒಳಗುಟ್ಟೇ ಬೇರೆ. ಬಾವಲಿಯ ರೆಕ್ಕೆ ನಿಜಕ್ಕೂ ಒಂದು ಕೈ. ಉದ್ದುದ್ದ ಬೆರಳುಗಳ ನಡುವೆ ತೆಳ್ಳಗಿನ ಚರ್ಮ, ಅದರಲ್ಲಿ ರಕ್ತನಾಳ, ಸ್ನಾಯು. ಬೆರಳು ಮಡಚಿ, ಹಾರುತ್ತಲೇ ರೆಕ್ಕೆಯ ಆಕಾರ ಬದಲಿಸುತ್ತದೆ. ಪತಂಗದ ರೆಕ್ಕೆಯಲ್ಲಿ ಮೂಳೆಯೂ ಇಲ್ಲ, ಸ್ನಾಯುವೂ ಇಲ್ಲ. ಬಡಿಯುವ ಸ್ನಾಯುಗಳೆಲ್ಲ ಎದೆಯಲ್ಲಿವೆ. ರೆಕ್ಕೆಯ ಮೇಲೆ ಹೆಂಚು ಹೊದಿಸಿದ ಹಾಗೆ ಸಣ್ಣ ಹುರುಪೆಗಳು. ಮುಟ್ಟಿದರೆ ಬೆರಳಿಗೆ ಪುಡಿಯಾಗಿ ಅಂಟುವುದು ಅವೇ. ಅಟ್ಲಾಸ್ ಪತಂಗದ ಮುಂದಿನ ರೆಕ್ಕೆಯ ತುದಿ ಹಾವಿನ ತಲೆಯ ಥರ ಕಾಣುತ್ತದೆ, ಫೋಟೋ ಸಿಕ್ಕರೆ ಖಂಡಿತ ನೋಡಿ.

ಊಟದ ವಿಷಯ ಇನ್ನೂ ಮಜಾ. ಕಿಟ್ಟಿ ಬಾವಲಿ ಮುಸ್ಸಂಜೆ ಮತ್ತು ನಸುಕಿನಲ್ಲಿ ಸ್ವಲ್ಪ ಹೊತ್ತು ಹೊರಬಂದು ಸಣ್ಣ ಹುಳ ಹಿಡಿಯುತ್ತದೆ. ಬೆಳೆದ ಅಟ್ಲಾಸ್ ಪತಂಗ ಏನೂ ತಿನ್ನುವುದಿಲ್ಲ. ಕಂಬಳಿಹುಳುವಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದೆರಡು ವಾರ ಕಳೆಯುತ್ತದೆ.