ಕಾಲುವೆ ನೆಗೆಯುವ ಹುಡುಗಿಯ ತಾಯಿಗೆ

ಮದ್ದೂರು ತಾಲ್ಲೂಕಿನ ತಾಯಿಯೊಬ್ಬರು ಕಾಗದ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ, ಹಾಕುವುದಿಲ್ಲ. ಮಗಳು ಮೊದಲ ಪಿಯುಸಿ. ಜಿಲ್ಲಾ ಕ್ರೀಡಾಕೂಟದಲ್ಲಿ 3000 ಮೀಟರ್ ಓಡಿ ಗೆದ್ದಿದ್ದಾಳೆ. ಅವಳನ್ನು ಸ್ಟೀಪಲ್‌ಚೇಸ್‌ಗೆ, ಅಂದರೆ ಮರದ ತಡೆ, ನೀರಿನ ಗುಂಡಿ ದಾಟುತ್ತಾ ಓಡುವ 3000 ಮೀಟರ್ ಓಟಕ್ಕೆ, ಹಾಕಿ ಎಂದು ಪಿ.ಟಿ. ಮೇಷ್ಟ್ರು ಹಿಂದೆ ಬಿದ್ದಿದ್ದಾರೆ. ಮನೆಯಲ್ಲಿ ಯಾರಿಗೂ ಇಷ್ಟವಿಲ್ಲ. "ಓಡೋದು ಸರಿ ಸ್ವಾಮಿ, ಅದ್ಯಾಕೆ ನೀರಿಗೆ ನೆಗೀಬೇಕು? ಕಾಲು ಮುರ್ಕೊಂಡ್ರೆ ಯಾರು ನೋಡ್ಕೊಳ್ತಾರೆ ಅಂತ ನಮ್ಮತ್ತೆ ಕೂಗಾಡ್ತಾರೆ. ಇದ್ರಲ್ಲಿ ಎಷ್ಟು ವರ್ಷ ಓಡ್ಬೋದು? ಆಮೇಲೆ ಹೊಟ್ಟೆಗೇನು? ಅಷ್ಟು ಹೇಳಿ ಸಾಕು." ಕೊನೆಗೆ ಒಂದು ಸಾಲು ಸೇರಿಸಿದ್ದಾರೆ. ಚಿಕ್ಕಂದಿನಲ್ಲಿ ಶಾಲೆಗೆ ಹೋಗುವಾಗ ಮಗಳು ಮೋರಿ ತನಕ ಸುತ್ತಿ ಹೋಗದೆ, ಗದ್ದೆ ಕಾಲುವೆಯನ್ನು ನೆಗೆದೇ ದಾಟುತ್ತಿದ್ದಳಂತೆ.

ತಾಯಿ, ಅಷ್ಟಕ್ಕೇ ನಿಲ್ಲಿಸುವ ಅಭ್ಯಾಸ ನನಗಿಲ್ಲ. ಉತ್ತರ ಉದ್ದವಾಯಿತು.

ನಿಮ್ಮ ಕಾಗದ ಬಂದ ಮೇಲಿನ ಭಾನುವಾರ ಬೆಳಿಗ್ಗೆ ಆರಕ್ಕೇ ಇಲ್ಲಿನ ಒಂದು ಮೈದಾನಕ್ಕೆ ಹೋಗಿದ್ದೆ. ಯಾವುದು ಎಂದು ಹೇಳುವುದಿಲ್ಲ, ಯಾಕೆಂದರೆ ಅಲ್ಲಿನ ನೀರಿನ ಗುಂಡಿಯಲ್ಲಿ ನೀರೇ ಇರಲಿಲ್ಲ. ಒಣಗಿದ ಎಲೆ, ಎರಡು ಕಾಗದದ ಲೋಟ, ಮೂಲೆಯಲ್ಲಿ ಮಲಗಿದ್ದ ಒಂದು ನಾಯಿ. ಕೋಚ್ ತಲೆ ಕೆಡಿಸಿಕೊಂಡಿರಲಿಲ್ಲ. ಲಾಂಗ್ ಜಂಪ್ ಮರಳಿನ ಮುಂದೆ ಒಂದು ತಡೆ ಇಟ್ಟು ಹುಡುಗಿಯರನ್ನು ಓಡಿಸುತ್ತಿದ್ದರು. ಓಡಿ ಬಂದು ತಡೆಯ ಮೇಲೆ ಒಂದು ಕಾಲು ಊರುವುದು, ಅದೇ ಕಾಲಿನಿಂದ ಒದ್ದು ಮುಂದಕ್ಕೆ ಹಾರುವುದು, ಇನ್ನೊಂದು ಕಾಲಲ್ಲಿ ಮರಳಿಗೆ ಇಳಿದು ಹಾಗೇ ಓಡುತ್ತಾ ಹೋಗುವುದು. ಮೇಲಕ್ಕೆ ಹಾರಿದವರಿಗೆ ಬೈಗುಳ, ಮುಂದಕ್ಕೆ ಹಾರಿದವರಿಗೆ ಮೌನ. ಮೌನವೇ ಮೆಚ್ಚುಗೆ ಎಂದು ಆಮೇಲೆ ಗೊತ್ತಾಯಿತು. ಒಬ್ಬ ಹುಡುಗಿಯ ಎಡ ಮೊಣಕಾಲಿನ ಒಳಬದಿಯಲ್ಲಿ ಚರ್ಮ ಕಿತ್ತು ಕಪ್ಪಾಗಿತ್ತು. ಕೇಳಿದೆ. "ಹಿಂದಿನ ಕಾಲು ಎತ್ತೋದು ಮರೆತ್ರೆ ಇದು ನೆನಪಿಸುತ್ತೆ ಸರ್" ಎಂದಳು.

ನಿಮ್ಮ ಅತ್ತೆಯವರ ಭಯ ಸುಳ್ಳಲ್ಲ. ಹರ್ಡಲ್ಸ್ ಓಟದಲ್ಲಿ ಕಾಲು ತಾಗಿದರೆ ತಡೆ ಬೀಳುತ್ತದೆ. ಸ್ಟೀಪಲ್‌ಚೇಸ್‌ನ ತಡೆ ಬೀಳುವುದಿಲ್ಲ, ನಾವೇ ಬೀಳಬೇಕು. ದಪ್ಪ ಮರದ ತೊಲೆ, ತೂಕ 80 ಕಿಲೋ ಮೇಲೆ. ಹೆಂಗಸರಿಗೆ ಎತ್ತರ 76.2 ಸೆಂಟಿಮೀಟರ್, ಅಂದರೆ ಎರಡೂವರೆ ಅಡಿ. ಏಳೂವರೆ ಸುತ್ತಿನಲ್ಲಿ ಇಂಥವನ್ನು 28 ಸಲ ದಾಟಬೇಕು. ಅದರ ಜೊತೆಗೆ 7 ಸಲ ನೀರಿನ ಗುಂಡಿ. ಅದು ಹನ್ನೆರಡು ಅಡಿ ಉದ್ದ. ತಡೆಯ ಬುಡದಲ್ಲಿ ಆಳ, ಆಚೆ ಹೋದಂತೆ ಮೇಲೇರಿ ಟ್ರ್ಯಾಕಿಗೆ ಸಮ. ಹಾಗಾಗಿ ದೂರ ಹಾರಿದಷ್ಟೂ ನೀರು ಕಡಿಮೆ. ಸುಸ್ತಾದವಳು ಹತ್ತಿರ ಬೀಳುತ್ತಾಳೆ, ಹತ್ತಿರ ಬಿದ್ದರೆ ಆಳ, ಆಳದಿಂದ ಎದ್ದು ಬರಲು ಇನ್ನೂ ಸುಸ್ತು. ಸಾಲದ ಬಡ್ಡಿ ಇದ್ದ ಹಾಗೆ.

ಎಮ್ಮಾ ಕೋಬರ್ನ್ ಎಂಬ ಅಮೆರಿಕದ ಓಟಗಾರ್ತಿ 2017ರಲ್ಲಿ ಲಂಡನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. 2024ರ ಏಪ್ರಿಲ್‌ನಲ್ಲಿ ಚೀನಾದ ಒಂದು ಓಟದಲ್ಲಿ ಇದೇ ನೀರಿನ ಗುಂಡಿಯ ಹತ್ತಿರ ಪಾದದ ಗಂಟು ಮುರಿಯಿತು. ಪ್ಯಾರಿಸ್ ಒಲಿಂಪಿಕ್ಸ್ ಕೈತಪ್ಪಿತು. ಆಗ ಅವರಿಗೆ 33 ವರ್ಷ. ಅತ್ತೆಯವರ ಕಡೆಗೆ ಒಂದು ಅಂಕ. ಆದರೆ ಆ 33 ಅನ್ನುವ ಸಂಖ್ಯೆಯನ್ನು ನೀವು ನೆನಪಿಟ್ಟುಕೊಳ್ಳಿ. ಎಷ್ಟು ವರ್ಷ ಓಡಬಹುದು ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಅದರೊಳಗೇ ಇದೆ.

ಇದು ನಿಧಾನವಾಗಿ ಮಾಗುವವರ ಓಟ. ನಮ್ಮ ದೇಶದ್ದೇ ನೋಡಿ. ರಾಯ್‌ಬರೇಲಿಯ ಸುಧಾ ಸಿಂಗ್ 2010ರ ಗುವಾಂಗ್‌ಝೌ ಏಷ್ಯನ್ ಗೇಮ್ಸ್‌ನಲ್ಲಿ ಚಿನ್ನ ಗೆದ್ದಾಗ 24 ವರ್ಷ. ಏಷ್ಯನ್ ಗೇಮ್ಸ್‌ನಲ್ಲಿ ಹೆಂಗಸರಿಗೆ ಈ ಓಟ ಇಟ್ಟಿದ್ದೇ ಆ ಸಲ ಮೊದಲು. ಎಂಟು ವರ್ಷ ಬಿಟ್ಟು, 2018ರಲ್ಲಿ ಜಕಾರ್ತದಲ್ಲಿ ಅದೇ ಸುಧಾ ಬೆಳ್ಳಿ ಗೆದ್ದರು. ಆಗ 32. ನಡುವೆ ಎರಡು ಒಲಿಂಪಿಕ್ಸ್.

ನನಗೆ ಜಾಸ್ತಿ ಇಷ್ಟ ಲಲಿತಾ ಬಾಬರ್ ಕಥೆ. ಮಹಾರಾಷ್ಟ್ರದ ಸಾತಾರಾ ಜಿಲ್ಲೆ, ಮಾಣ್ ತಾಲ್ಲೂಕು. ಬರಕ್ಕೆ ಹೆಸರಾದ ಸೀಮೆ. ನಾಲೆ ಪಕ್ಕದ ನಿಮ್ಮೂರಿನವರಿಗೆ ಅಂಥ ಊರು ಊಹಿಸಲೂ ಕಷ್ಟ. ನೀರಿಲ್ಲದ ಊರಿನ ಹುಡುಗಿ ನೀರು ಹಾರುವ ಓಟದಲ್ಲಿ ಹೆಸರು ಮಾಡಿದ್ದನ್ನು ಓದಿದಾಗ ನನಗೆ ಸುಮ್ನೆ ನಗು ಬಂತು. ಆಕೆ ಮೊದಲು ಮ್ಯಾರಥಾನ್ ಓಡುತ್ತಿದ್ದರು. ಮುಂಬೈ ಮ್ಯಾರಥಾನ್‌ನಲ್ಲಿ 2012, 2013, 2014, ಮೂರು ವರ್ಷವೂ ಭಾರತದ ಹೆಂಗಸರಲ್ಲಿ ಮೊದಲಿಗರು. ಅಷ್ಟು ಓಡಿದ ಮೇಲೆ, 25ರ ವಯಸ್ಸಿನಲ್ಲಿ, ಇಂಚಿಯಾನ್ ಏಷ್ಯನ್ ಗೇಮ್ಸ್‌ನಲ್ಲಿ ಸ್ಟೀಪಲ್‌ಚೇಸ್ ಕಂಚು. ಮಾರನೇ ವರ್ಷ ಏಷ್ಯನ್ ಚಾಂಪಿಯನ್‌ಶಿಪ್ ಚಿನ್ನ, ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಎಂಟನೇ ಸ್ಥಾನ. 2016ರ ರಿಯೋ ಒಲಿಂಪಿಕ್ಸ್‌ನ ಹೀಟ್ಸ್‌ನಲ್ಲಿ, ಅಂದರೆ ಫೈನಲ್‌ಗೆ ಮುಂಚಿನ ಅರ್ಹತಾ ಓಟದಲ್ಲಿ, 9 ನಿಮಿಷ 19.76 ಸೆಕೆಂಡ್ ಓಡಿ ಫೈನಲ್ ಸೇರಿದರು, ಹತ್ತನೆಯವರಾಗಿ ಮುಗಿಸಿದರು. ಹತ್ತನೇ ಸ್ಥಾನಕ್ಕೆ ಯಾಕೆ ಇಷ್ಟು ಸಂಭ್ರಮ ಎನ್ನಬೇಡಿ. 1984ರಲ್ಲಿ ಪಿ.ಟಿ. ಉಷಾ ಓಡಿದ ಮೇಲೆ ಒಲಿಂಪಿಕ್ಸ್ ಟ್ರ್ಯಾಕಿನಲ್ಲಿ, ರಿಲೇ ಬಿಟ್ಟರೆ, ಫೈನಲ್ ಓಡುವ ಅವಕಾಶ ನಮ್ಮ ಹೆಣ್ಣುಮಗಳಿಗೆ ಸಿಕ್ಕಿದ್ದು ಆಗಲೇ. 32 ವರ್ಷ ಕಾದಿದ್ದೆವು. ನಮ್ಮ ಪತ್ರಿಕೆ ಆ ವಾರ ಅದಕ್ಕೆ ಕೊಟ್ಟಿದ್ದು ನಾಲ್ಕು ಸಾಲು. ಆ ಪುಟ ಮಾಡಿದವನು ನಾನೇ.

ಈಗ ಹೊಟ್ಟೆಯ ಪ್ರಶ್ನೆ. ಸುಧಾ, ಲಲಿತಾ ಇಬ್ಬರೂ ಓಡುವ ಕಾಲದಲ್ಲಿ ರೈಲ್ವೆ ಕೆಲಸದಲ್ಲಿದ್ದವರು. ಲಲಿತಾ ಆಮೇಲೆ ಮಹಾರಾಷ್ಟ್ರದ ಕಂದಾಯ ಇಲಾಖೆಯಲ್ಲಿ ಅಧಿಕಾರಿಯಾದರು. ಮೀರತ್ ಕಡೆಯ ಪಾರುಲ್ ಚೌಧರಿಯದು ಇನ್ನೂ ಚೆಂದ. 2023ರ ಹಾಂಗ್‌ಝೌ ಏಷ್ಯನ್ ಗೇಮ್ಸ್. ಮೊದಲ ದಿನ ಸ್ಟೀಪಲ್‌ಚೇಸ್ ಬೆಳ್ಳಿ. ಮರುದಿನವೇ 5000 ಮೀಟರ್. ಕೊನೆಯ ಕೆಲವೇ ಮೀಟರ್ ಇದ್ದಾಗ ಜಪಾನಿನ ಓಟಗಾರ್ತಿಯನ್ನು ಹಿಂದೆ ಹಾಕಿ ಚಿನ್ನ. ಆ ಕೊನೆಯ 50 ಮೀಟರ್‌ನಲ್ಲಿ ಏನು ಯೋಚಿಸುತ್ತಿದ್ದಿರಿ ಎಂದರೆ, ಚಿನ್ನ ಬಂದರೆ ಉತ್ತರ ಪ್ರದೇಶ ಪೊಲೀಸ್‌ನಲ್ಲಿ ಡಿವೈಎಸ್ಪಿ ಕೆಲಸ ಸಿಗುತ್ತದಲ್ಲ ಅಂತ ಯೋಚಿಸುತ್ತಿದ್ದೆ ಎಂದರು! ಕೆಲಸ ಸಿಕ್ಕಿತು. ಹೊಟ್ಟೆಗೇನು ಎಂದು ನೀವು ಕೇಳಿದ್ದರಲ್ಲಿ ಸಂಕೋಚಪಡುವಂಥದ್ದು ಏನೂ ಇಲ್ಲ, ಅಲ್ವಾ? 2025ರಲ್ಲಿ, 30ರ ವಯಸ್ಸಿನಲ್ಲಿ, ಅವರೇ 9 ನಿಮಿಷ 12.46 ಸೆಕೆಂಡ್ ಓಡಿ ತಮ್ಮದೇ ರಾಷ್ಟ್ರೀಯ ದಾಖಲೆ ಮುರಿದರು.

ಆದರೆ ಇವರೆಲ್ಲ ಮೇಲಕ್ಕೆ ಬಂದವರು. ಬಾರದವರ ಲೆಕ್ಕ ಯಾರೂ ಇಟ್ಟಿಲ್ಲ. ಕ್ರೀಡಾ ಕೋಟಾದಲ್ಲಿ ರೈಲ್ವೆ, ಪೊಲೀಸ್ ಕೆಲಸ ಸಿಗುವುದು ನಿಜ, ಎಲ್ಲರಿಗೂ ಸಿಗುವುದಿಲ್ಲ ಎನ್ನುವುದೂ ನಿಜ. ಡಿಗ್ರಿ ಬಿಡಿಸಬೇಡಿ. ಯಾರು ಎಷ್ಟೇ ಹೇಳಲಿ.

ಹಾಗಾದರೆ ಈಗ ಏನು ಮಾಡುವುದು? ಆ ಭಾನುವಾರದ ಕೋಚ್‌ಗೆ ನಿಮ್ಮ ಕಾಗದ ಓದಿ ಹೇಳಿದೆ. ಹೆಸರು ಹೇಳಲಿಲ್ಲ, ನಂಬಿ. ಅವರು ಮೊದಲು ಕೇಳಿದ್ದು, "ಕಾಲುವೆ ಯಾವ ಕಾಲಲ್ಲಿ ನೆಗೀತಾಳೆ?" ಎಂದು. ಗುಂಪಿನಲ್ಲಿ ಓಡುವಾಗ ಮುಂದಿನವರ ಬೆನ್ನು ಬಿಟ್ಟು ಬೇರೇನೂ ಕಾಣುವುದಿಲ್ಲ. ಹೆಜ್ಜೆ ಎಣಿಸಿಕೊಂಡು ಬರಲು ಆಗುವುದಿಲ್ಲ. ತಡೆ ಬಂದಾಗ ಯಾವ ಕಾಲು ಮುಂದಿದೆಯೋ ಅದರಲ್ಲೇ ದಾಟಬೇಕು. ಎಡ, ಬಲ ಎರಡೂ ಪಳಗಿರಬೇಕು. ಇನ್ನೆರಡು ವರ್ಷ ಅವಳು 1500, 3000 ಮೀಟರ್, ಗದ್ದೆ ಬಯಲಿನ ಓಟ ಇವನ್ನೇ ಓಡಲಿ, ತಡೆ ವಾರಕ್ಕೆ ಒಂದೇ ದಿನ, ಅದೂ ಮರಳಿಗೆ ಎಂದರು. ಬೆಟ್ಟದ ಮೆಟ್ಟಿಲು ಹತ್ತಿಸಬಹುದು, ಇಳಿಯುವಾಗ ಓಡಿಸಬಾರದು. ನನಗೆ ಈ ಮಾತು ಸರಿ ಅನಿಸಿತು. ಬೇಡ ಎಂದು ನಿಲ್ಲಿಸಬೇಡಿ, ಬೇಗ ಬೇಗ ಎಂದು ತಳ್ಳಲೂ ಬೇಡಿ. ಮುಂದಿನ ದಸರಾ ಕ್ರೀಡಾಕೂಟಕ್ಕೇ ಇಳಿಸಬೇಕು ಎಂದು ಮೇಷ್ಟ್ರು ಹಟ ಹಿಡಿದರೆ, ಲಲಿತಾ ಈ ಓಟದಲ್ಲಿ ಪದಕ ಗೆದ್ದದ್ದು 25ಕ್ಕೆ ಎಂದು ಹೇಳಿ.

ಊಟ ನಿಮಗೆ ನಾನು ಹೇಳಿಕೊಡಬೇಕಿಲ್ಲ. ಮುದ್ದೆ, ಸೊಪ್ಪಿನ ಬಸ್ಸಾರು, ಮೊಟ್ಟೆ, ಕಾಳು. ಆದರೆ ವರ್ಷಕ್ಕೆರಡು ಸಲ ರಕ್ತ ಪರೀಕ್ಷೆ ಮಾಡಿಸಿ. ದೂರ ಓಡುವ ಹುಡುಗಿಯರಿಗೆ ಕಬ್ಬಿಣದ ಅಂಶ ಬೇಗ ಇಳಿಯುತ್ತದೆ. ಮುಟ್ಟು ತಿಂಗಳುಗಟ್ಟಲೆ ನಿಂತರೆ ಓಟದಲ್ಲಿ ಅದೆಲ್ಲ ಇದ್ದದ್ದೇ ಎಂದು ಸುಮ್ಮನಾಗಬೇಡಿ, ಡಾಕ್ಟರ್ ಹತ್ತಿರ ಹೋಗಿ. ಯಾರಾದರೂ ಪುಡಿ, ಸೂಜಿ ಎಂದರೆ ಬಾಗಿಲು ತೋರಿಸಿ. ರಿಯೋದಲ್ಲಿ ಇದೇ ಓಟದ ಚಿನ್ನ ಗೆದ್ದು, ಅದೇ ತಿಂಗಳು ವಿಶ್ವದಾಖಲೆಯನ್ನೂ ಮಾಡಿದ ರೂತ್ ಜೆಬೆಟ್ ಆಮೇಲೆ ಉದ್ದೀಪನ ಮದ್ದಿನಲ್ಲಿ ಸಿಕ್ಕಿಬಿದ್ದು ನಾಲ್ಕು ವರ್ಷ ಹೊರಗೆ ಕೂತರು.

ಅತ್ತೆಯವರಿಗೂ ಒಂದು ಕಥೆ ಇದೆ, ಸಂಜೆ ಓದಿ ಹೇಳಿ. ಕೆನ್ಯಾದ ಬಿಯಾಟ್ರಿಸ್ ಚೆಪ್ಕೋಚ್ 2017ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಓಡುವ ಭರದಲ್ಲಿ ನೀರಿನ ಗುಂಡಿಯ ಕಡೆ ತಿರುಗುವುದನ್ನೇ ಮರೆತರು. ನೇರ ಮುಂದೆ ಹೋಗಿಬಿಟ್ಟರು. ಜಗತ್ತೆಲ್ಲ ನೋಡುತ್ತಿರುವಾಗ ವಾಪಸ್ ಓಡಿ ಬಂದು, ಗುಂಡಿ ಹಾರಿ, ಎಲ್ಲರ ಹಿಂದೆ ಬಿದ್ದು, ಆದರೂ ನಾಲ್ಕನೆಯವರಾದರು. ಮುಂದಿನ ವರ್ಷ ಜುಲೈನಲ್ಲಿ ಮೊನಾಕೊದಲ್ಲಿ ಅದೇ ಹುಡುಗಿ 8 ನಿಮಿಷ 44.32 ಸೆಕೆಂಡ್‌ನಲ್ಲಿ ಓಡಿ ವಿಶ್ವದಾಖಲೆ ಬರೆದಳು. ಒಲಿಂಪಿಕ್ಸ್‌ನಲ್ಲಿ ಗಂಡಸರು ಈ 3000 ಮೀಟರ್ ಓಟವನ್ನು 1920ರಿಂದ ಓಡುತ್ತಿದ್ದರು, ಹೆಂಗಸರನ್ನು ಬಿಟ್ಟದ್ದು 2008ರಲ್ಲಿ ಎಂಬುದನ್ನೂ ಸೇರಿಸಿ. "ಹೆಣ್ಣುಮಕ್ಕಳಿಗೆ ಯಾಕೆ ಬೇಕು" ಎಂದವರು ಬರೀ ನಿಮ್ಮ ಮನೆಯಲ್ಲಿ ಇರಲಿಲ್ಲ.

ಕೊನೆಗೆ ಒಂದು ಸಣ್ಣ ವಿಷಯ, ಅದೇ ಮೊಣಕಾಲು ತರಚಿದ ಹುಡುಗಿ ಹೇಳಿದ್ದು. ಶೂ ಒದ್ದೆಯಾದರೆ ಒಲೆ ಪಕ್ಕ ಇಡಬೇಡಿ, ಬಿಸಿಲಿಗೂ ಹಾಕಬೇಡಿ, ಅಂಟು ಬಿಡುತ್ತದೆ. ಒಳಗೆ ಹಳೇ ಪೇಪರ್ ತುರುಕಿ ನೆರಳಲ್ಲಿಡಿ. ಓದಿ ಆಗಿದ್ದರೆ ಈ ಪುಟವೇ ಆದರೂ ನನಗೆ ಬೇಜಾರಿಲ್ಲ.

— ಸಂಪಾದಕ