ಪ್ರತಿಕ್ರಿಯೆ: ಫೋರ್ಟ್ರಾನ್‌ನಲ್ಲಿ ಮ್ಯಾಟ್ರಿಕ್ಸ್ ಲೂಪ್ ಯಾಕೆ ನಿಧಾನ?

ಸಿ ಭಾಷೆಯಲ್ಲಿ ಚೆನ್ನಾಗಿ ಓಡುತ್ತಿದ್ದ 5000×5000 ಮ್ಯಾಟ್ರಿಕ್ಸ್ ಲೂಪನ್ನು ಹಾಗೇ ಫೋರ್ಟ್ರಾನ್‌ಗೆ ತಂದರೆ ಆಮೆ ಥರ ತೆವಳುತ್ತಿದೆ ಅಂದಿದ್ದೀರಿ. ಲೆಕ್ಕ ಸರಿಯಾಗಿಯೇ ಇದೆ ಸರ್, ಲೂಪ್‌ಗಳ ಕ್ರಮ ಮಾತ್ರ ಉಲ್ಟಾ.

ಸಿ ಭಾಷೆ ಮೆಮೊರಿಯಲ್ಲಿ ಅಡ್ಡಸಾಲುಗಳನ್ನು ಒಂದರ ಹಿಂದೆ ಒಂದು ಇಡುತ್ತದೆ. ಫೋರ್ಟ್ರಾನ್ ಇಡುವುದು ಕಂಬಸಾಲುಗಳನ್ನು. ಇಲ್ಲಿ ಎ(1,1) ಪಕ್ಕದಲ್ಲಿ ಕೂತಿರುವುದು ಎ(2,1), ಎ(1,2) ಅಲ್ಲ. ನೀವು ಒಳಗಿನ ಲೂಪ್‌ನಲ್ಲಿ ಎರಡನೇ ಇಂಡೆಕ್ಸ್, ಅಂದರೆ ಕಂಬಸಾಲಿನ ಸಂಖ್ಯೆ, ಓಡಿಸಿದ್ದೀರಿ. ಡಬಲ್ ಪ್ರಿಸಿಷನ್ ಸಂಖ್ಯೆಗೆ 8 ಬೈಟ್, ಅಲ್ವಾ? ಒಂದು ಕಂಬಸಾಲಿಗೆ 5000 ಸಂಖ್ಯೆ, ಅಂದರೆ ಪ್ರತಿ ಹೆಜ್ಜೆಗೂ 40,000 ಬೈಟ್ ಹಾರಬೇಕು! ಕ್ಯಾಶ್‌ಗೆ (ಪ್ರೊಸೆಸರ್ ಬಳಿಯ ಚಿಕ್ಕ, ವೇಗದ ಮೆಮೊರಿ) ಜೊತೆಯಲ್ಲೇ ಬಂದ ಪಕ್ಕದ ಸಂಖ್ಯೆಗಳೆಲ್ಲ ಸುಮ್ನೆ ದಂಡ. ಮೊದಲನೇ ಇಂಡೆಕ್ಸನ್ನು ಒಳಗಿನ ಲೂಪ್‌ಗೆ ತನ್ನಿ, ಎರಡನೆಯದು ಹೊರಗಿರಲಿ. ಕೋಡ್‌ನ ಎರಡು ಸಾಲು ಅದಲುಬದಲು ಮಾಡಿದರಾಯಿತು.

ನಿಮ್ಮ ಕೋಡ್‌ನಲ್ಲಿ ಎ*ಬಿ ಅಂತಲೂ ಕಂಡಿತು. ಅದು ಮ್ಯಾಟ್ರಿಕ್ಸ್ ಗುಣಾಕಾರ ಅಲ್ಲ. ಆಯಾ ಜಾಗದ ಸಂಖ್ಯೆಗಳನ್ನು ಮಾತ್ರ ಗುಣಿಸುತ್ತದೆ. ಚೌಕ ಮ್ಯಾಟ್ರಿಕ್ಸ್ ಆದ್ದರಿಂದ ಕಂಪೈಲರ್ ತುಟಿ ಬಿಚ್ಚುವುದಿಲ್ಲ. ನಾನೂ ಇದರಲ್ಲಿ ಒಂದು ಇಡೀ ಸಂಜೆ ಕಳೆದವನೇ. ಮ್ಯಾಟ್ರಿಕ್ಸ್ ಗುಣಾಕಾರಕ್ಕೆಂದೇ ಫೋರ್ಟ್ರಾನ್ 90 ಆವೃತ್ತಿಯಿಂದ ಮ್ಯಾಟ್‌ಮಲ್ (matmul) ಎಂಬ ಫಂಕ್ಷನ್ ಇದೆ, ಅದನ್ನೇ ಬಳಸಿ.

ಸಿ ಥರ ಇಂಡೆಕ್ಸ್ 0ಯಿಂದಲೇ ಬೇಕೆಂದರೆ ಎ(0:4999, 0:4999) ಅಂತ ಡಿಕ್ಲೇರ್ ಮಾಡಬಹುದು.